ಅಪವರ್ತನ: ಒಂದು ಹಳೆಯ ಲೆಕ್ಕದ, ಹಳೆಯ ಶಬ್ದದ ಕಥೆ

ಆರನೆಯ ಇಯತ್ತೆಯಲ್ಲಿ ಒಮ್ಮೆ ಭಿನ್ನರಾಶಿಯ ಪಾಠ ನಡೆದಿತ್ತು. ಹಲಗೆಯ ಮೇಲೆ 16/64 ಎಂದು ಬರೆದು, ಇದರ ಸಂಕ್ಷಿಪ್ತ ರೂಪ ಬರೆಯಿರಿ ಎಂದೆವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಬಂದ. ಮೇಲಿನ 6ಕ್ಕೆ ಒಂದು ಗೀಟು, ಕೆಳಗಿನ 6ಕ್ಕೆ ಒಂದು ಗೀಟು ಎಳೆದ. ಉಳಿದದ್ದು 1/4.

"ಸರ್, ಆರಕ್ಕ ಆರು ಹೊಡದೀನ್ರಿ. ಉತ್ತರ ಬರೋಬರಿ ಅದ ನೋಡ್ರಿ" ಎಂದ.

ಉತ್ತರ ಬರೋಬರಿಯೇ ಇತ್ತು! ನಮಗೆ ನಗು ಬಂತು, ಆದರೆ ನಕ್ಕು ಬಿಟ್ಟುಬಿಡುವ ಹಾಗಿರಲಿಲ್ಲ. ಪಕ್ಕದಲ್ಲಿ 13/39 ಎಂದು ಬರೆದೆವು. ಅವನು ಅದೇ ರೀತಿ 3ಕ್ಕೆ 3 ಹೊಡೆದು 1/9 ಎಂದು ಬರೆದ. ಮುಂದಿನ ಸಾಲಿನ ಹುಡುಗಿ ಹದಿಮೂರರ ಮಗ್ಗಿ ಬಲ್ಲವಳು, 1/3 ಎಂದಳು. ಈಗ ಯಾವುದು ಖರೆ? ತರಗತಿ ಸುಮ್ಮನಾಯಿತು. ಸ್ವಲ್ಪ ಹೊತ್ತಾದ ಮೇಲೆ ಆ ಹುಡುಗನೇ ಕೇಳಿದ: "ಹಂಗಾರ ಹೊಡಿಯೋದು ಅಂದ್ರ ಏನ್ರಿ ಸರ್?" ಅವನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: "ಸಣ್ಣ ಮಾಡಿದ್ರ ಅದರ ಬೆಲೆನೂ ಸಣ್ಣ ಆಗೂದಿಲ್ಲೇನ್ರಿ?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡು ಸಾವಿರ ವರ್ಷಗಳ ಹಿಂದೆಯೂ ಜನ ಇವನ್ನೇ ಕೇಳಿಕೊಂಡಿದ್ದರು, ಉತ್ತರವನ್ನೂ ಕಂಡುಕೊಂಡಿದ್ದರು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಕಥೆಯ ಒಂದು ದೊಡ್ಡ ಭಾಗ ನಮ್ಮ ಸೊಲ್ಲಾಪುರ, ಕಲಬುರಗಿಗಳ ಸುತ್ತಲೇ ನಡೆದದ್ದು.

ಮೊದಲು ದೂರದ ಊರುಗಳಿಗೆ ಹೋಗಿ ಬರೋಣ.

ಭಿನ್ನರಾಶಿಯ ಅತಿ ಹಳೆಯ ಲೆಕ್ಕಗಳು ಸಿಗುವ ದೇಶಗಳಲ್ಲಿ ಈಜಿಪ್ತ ಒಂದು. ಕ್ರಿ.ಪೂ. 1550ರ ಸುಮಾರಿಗೆ ಅಹ್ಮೆಸ್ ಎಂಬ ಲಿಪಿಕಾರ ನಕಲು ಮಾಡಿದ ಒಂದು ಸುರುಳಿ ಇಂದಿಗೂ ಉಳಿದಿದೆ. ಅದಕ್ಕೆ ರಿಂಡ್ ಪಪೈರಸ್ ಎನ್ನುತ್ತಾರೆ. ಈಜಿಪ್ತಿನವರು 2/3 ಒಂದನ್ನು ಬಿಟ್ಟರೆ ಅಂಶದಲ್ಲಿ 1 ಇರುವ ಭಿನ್ನರಾಶಿಗಳನ್ನೇ ಬಳಸುತ್ತಿದ್ದರು. ಮುಕ್ಕಾಲು ಎನ್ನಬೇಕಾದರೆ ಅರ್ಧ ಮತ್ತು ಕಾಲು ಎಂದು ಎರಡು ತುಂಡು ಬರೆಯುತ್ತಿದ್ದರು. ಅಂಶ ಯಾವಾಗಲೂ 1 ಆಗಿದ್ದರೆ ಅದನ್ನು ಮತ್ತೆ ಸಣ್ಣದು ಮಾಡುವ ಮಾತೇ ಇಲ್ಲ. ನಮ್ಮ ಪ್ರಶ್ನೆ ಅವರಿಗೆ ನಮ್ಮ ರೂಪದಲ್ಲಿ ಎದುರಾಗಲೇ ಇಲ್ಲ.

ಚೀನಾದಲ್ಲಿ ಎದುರಾಯಿತು. 1983–84ರಲ್ಲಿ ಅಲ್ಲಿನ ಹುಬೈ ಪ್ರಾಂತದ ಝಾಂಗ್‌ಜಿಯಾಶಾನ್ ಎಂಬಲ್ಲಿ ಹಳೆಯ ಸಮಾಧಿಯೊಂದನ್ನು ಅಗೆದಾಗ ಬಿದಿರಿನ ಪಟ್ಟಿಗಳ ಮೇಲೆ ಬರೆದ ಗಣಿತದ ಪುಸ್ತಕ ಸಿಕ್ಕಿತು. ಸಮಾಧಿ ಮುಚ್ಚಿದ್ದು ಕ್ರಿ.ಪೂ. 186ರ ಸುಮಾರಿಗೆ. ಅದರಲ್ಲಿ ಭಿನ್ನರಾಶಿ ಸಂಕ್ಷೇಪಿಸುವ ಪಾಠವೇ ಇದೆ. ಅಲ್ಲಿ ಕೊಟ್ಟ ಲೆಕ್ಕ 162/2016. ಇಂದಿನ ಮಕ್ಕಳಿಗೆ ಕೊಟ್ಟರೂ ಬೆವರು ಬರುವಂಥದ್ದು!

ಇದಾದ ಮೇಲೆ ಕ್ರಿಸ್ತಶಕದ ಆರಂಭದ ಹೊತ್ತಿಗೆ ರೂಪುಗೊಂಡ, ಒಂಬತ್ತು ಅಧ್ಯಾಯಗಳ ಗಣಿತ ಎಂದು ಹೆಸರಾದ ಗ್ರಂಥದಲ್ಲಿ ಈ ವಿಷಯ ಇನ್ನೂ ಅಚ್ಚುಕಟ್ಟಾಗಿ ಬಂದಿದೆ. ಅದೂ ಎಲ್ಲಿ? ಹೊಲ ಅಳೆಯುವ ಮೊದಲನೆಯ ಅಧ್ಯಾಯದಲ್ಲಿ. ಹೊಲದ ಉದ್ದ, ಅಗಲ ಯಾವಾಗಲೂ ಪೂರ್ಣ ಸಂಖ್ಯೆಯಲ್ಲಿ ಬರುವುದಿಲ್ಲವಲ್ಲ. ಅಲ್ಲಿ ಎರಡು ಉದಾಹರಣೆಗಳಿವೆ. ಮೊದಲನೆಯದು 12/18, ಎರಡನೆಯದು 49/91. ರೀತಿ ಹೀಗೆ: ಎರಡೂ ಸಂಖ್ಯೆಗಳನ್ನು ಅರ್ಧ ಮಾಡಲು ಬಂದರೆ ಮೊದಲು ಅರ್ಧ ಮಾಡು. ಬಾರದಿದ್ದರೆ ದೊಡ್ಡದರಿಂದ ಸಣ್ಣದನ್ನು ಕಳೆ, ಉಳಿದದ್ದರಲ್ಲಿ ಮತ್ತೆ ದೊಡ್ಡದರಿಂದ ಸಣ್ಣದನ್ನು ಕಳೆ. ಎರಡೂ ಕಡೆ ಒಂದೇ ಸಂಖ್ಯೆ ಬರುವವರೆಗೆ ಕಳೆಯುತ್ತ ಹೋಗು. ಆ ಸಮ ಸಂಖ್ಯೆಯಿಂದ ಅಂಶ, ಛೇದ ಎರಡನ್ನೂ ಭಾಗಿಸು.

49/91 ಅನ್ನು ಮಾಡಿ ನೋಡೋಣ. 91ರಲ್ಲಿ 49 ಹೋದರೆ 42. 49ರಲ್ಲಿ 42 ಹೋದರೆ 7. ಇನ್ನು 42ರಿಂದ ಏಳೇಳು ಕಳೆಯುತ್ತ ಬಂದರೆ 35, 28, 21, 14, 7. ಎರಡೂ ಕಡೆ 7 ಬಂತು. 49ನ್ನು 7ರಿಂದ ಭಾಗಿಸಿದರೆ 7, 91ನ್ನು ಭಾಗಿಸಿದರೆ 13. ಉತ್ತರ 7/13. ಮಗ್ಗಿ ಬಾರದವನೂ, ಬರೀ ಕಳೆಯಲು ಬಂದರೆ ಸಾಕು, ಬಹುಪಾಲು ಲೆಕ್ಕ ಮಾಡಿಬಿಡಬಹುದು.

ಇದು ಯಾಕೆ ಸರಿ? ನಾವು ತರಗತಿಯಲ್ಲಿ ಹೇಳುವ ರೀತಿ ಹೀಗಿದೆ. 49 ಹುಣಸೆಬೀಜ ಒಂದು ಕಡೆ, 91 ಇನ್ನೊಂದು ಕಡೆ. ಎರಡನ್ನೂ ಏಳೇಳು ಬೀಜಗಳ ಗಂಟು ಕಟ್ಟಿದ್ದೇವೆ ಎಂದುಕೊಳ್ಳಿ. ಒಂದು ಕಡೆ 7 ಗಂಟು, ಇನ್ನೊಂದು ಕಡೆ 13 ಗಂಟು. ಈ ಕಡೆ ಎಷ್ಟು ಗಂಟು ಇವೆಯೋ ಅಷ್ಟನ್ನು ಆ ಕಡೆಯಿಂದ ತೆಗೆದರೆ ಉಳಿಯುವುದೂ ಇಡೀ ಗಂಟುಗಳೇ, ಯಾವ ಗಂಟೂ ಬಿಚ್ಚುವುದಿಲ್ಲ. ಹೀಗೆ ತೆಗೆಯುತ್ತ ಹೋದರೆ ಕೊನೆಗೆ ಎರಡೂ ಕಡೆ ಒಂದೊಂದು ಗಂಟು ಉಳಿಯುತ್ತದೆ. ಆ ಗಂಟಿನಲ್ಲಿ ಎಷ್ಟು ಬೀಜ ಇವೆಯೋ ಅದೇ ನಮಗೆ ಬೇಕಾದ ಸಂಖ್ಯೆ.

ಈ ಗ್ರಂಥಕ್ಕೆ ಕ್ರಿ.ಶ. 263ರಲ್ಲಿ ಲಿಯು ಹುಯ್ ಎಂಬ ಪಂಡಿತ ವ್ಯಾಖ್ಯಾನ ಬರೆದ. ಅಲ್ಲಿ ಅವನು ನಮ್ಮ ಹುಡುಗನ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾನೆ. 2/4 ಎಂಬುದನ್ನು ಬೆಳೆಸಿ ಹೇಳಿದರೆ 4/8 ಆಗುತ್ತದೆ, ಚಿಕ್ಕದಾಗಿ ಹೇಳಿದರೆ 1/2 ಆಗುತ್ತದೆ. ಮಾತು ಬೇರೆ ಬೇರೆ, ಸಂಖ್ಯೆಯಾಗಿ ನೋಡಿದರೆ ಎಲ್ಲವೂ ಒಂದೇ ಕಡೆ ಬಂದು ಸೇರುತ್ತವೆ ಎಂಬುದು ಅವನ ಮಾತಿನ ಸಾರ. ಸಣ್ಣದಾದದ್ದು ಬರೆಯುವ ರೀತಿ ಮಾತ್ರ, ಬೆಲೆಯಲ್ಲ.

ಗ್ರೀಕರಲ್ಲೂ ಇದೇ ಕಳೆಯುವ ರೀತಿ ಇದೆ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ಗ್ರಂಥದ ಏಳನೆಯ ಭಾಗವನ್ನು ಇದರಿಂದಲೇ ಆರಂಭಿಸುತ್ತಾನೆ. ಆದರೆ ಅವನು ಮಾತಾಡುವುದು ಭಿನ್ನರಾಶಿಯ ಬಗ್ಗೆ ಅಲ್ಲ, ಎರಡು ಸಂಖ್ಯೆಗಳ ಅನುಪಾತದ ಬಗ್ಗೆ. ಅದೇ ಭಾಗದ 33ನೆಯ ಪ್ರಮೇಯದಲ್ಲಿ, ಒಂದು ಅನುಪಾತವನ್ನು ಹೇಳಬಲ್ಲ ಅತಿ ಚಿಕ್ಕ ಸಂಖ್ಯೆಗಳನ್ನು ಹುಡುಕುವುದು ಹೇಗೆಂದು ತೋರಿಸಿದ್ದಾನೆ. ನಾವು ಸಂಕ್ಷಿಪ್ತ ರೂಪ ಎನ್ನುವುದೂ ಅದನ್ನೇ. ಚೀನಾದವರದು ಹೊಲ ಅಳೆಯುವವನ ಕೈಲೆಕ್ಕ, ಯೂಕ್ಲಿಡನದು ಸಿದ್ಧಮಾಡಿ ತೋರಿಸುವ ತರ್ಕ. ಒಳಗಿನ ಉಪಾಯ ಒಂದೇ.

ಇನ್ನು ನಮ್ಮ ದೇಶಕ್ಕೆ ಬರೋಣ.

ನಮ್ಮ ಹಳೆಯ ಗಣಿತಗ್ರಂಥಗಳಲ್ಲಿ ಭಿನ್ನರಾಶಿಯನ್ನು ಅಂಶ ಮೇಲೆ, ಛೇದ ಕೆಳಗೆ ಬರೆಯುತ್ತಿದ್ದರು, ನಡುವೆ ಗೀಟು ಇರುತ್ತಿರಲಿಲ್ಲ. ಪೇಶಾವರದ ಹತ್ತಿರ 1881ರಲ್ಲಿ ಸಿಕ್ಕ ಬಖ್ಶಾಲಿ ಹಸ್ತಪ್ರತಿಯಲ್ಲೂ ಹೀಗೆಯೇ ಇದೆ. ಅಂಶ, ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಚಿಕ್ಕದು ಮಾಡುವ ಕ್ರಿಯೆಗೆ ಅವರು ಇಟ್ಟ ಹೆಸರು 'ಅಪವರ್ತನ'.

ಇಲ್ಲೊಂದು ಸೋಜಿಗವಿದೆ. ಕೂಡಿಸುವುದಕ್ಕೆ, ಕಳೆಯುವುದಕ್ಕೆ, ಗುಣಿಸುವುದಕ್ಕೆ, ಭಾಗಿಸುವುದಕ್ಕೆ, ವರ್ಗಕ್ಕೆ, ವರ್ಗಮೂಲಕ್ಕೆ ನಮ್ಮ ಹಿಂದಿನವರು ಸೂತ್ರ ಬರೆದರು. ಅಪವರ್ತನವನ್ನು ಮಾತ್ರ ಬೇರೆ ಪರಿಕರ್ಮವೆಂದು ಎಣಿಸಿ ಸೂತ್ರ ಕೊಡಲಿಲ್ಲ. ಲೆಕ್ಕಗಳಲ್ಲಿ ಬಳಸುತ್ತಾರೆ, ಆದರೆ ಹೇಗೆ ಮಾಡಬೇಕೆಂದು ಹೇಳುವುದಿಲ್ಲ. ಹಿಂದೂ ಗಣಿತದ ಇತಿಹಾಸವನ್ನು 1935 ಮತ್ತು 1938ರಲ್ಲಿ ಎರಡು ಭಾಗಗಳಾಗಿ ಹೊರತಂದ ಬಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ಅವರು ಇದಕ್ಕೆ ಕೊಟ್ಟ ವಿವರಣೆ ಸರಳವಾಗಿದೆ: ಇದನ್ನು ಗುರುಗಳು ಬಾಯಿಂದಲೇ ಕಲಿಸುತ್ತಿದ್ದಿರಬೇಕು. ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಬರೆದಿಡಲಿಲ್ಲ!

ಹಾಗಾದರೆ ಅಷ್ಟು ಹಿಂದೆಯೇ ಗೊತ್ತಿತ್ತು ಎನ್ನಲು ಆಧಾರ ಏನು? ಆಧಾರ ಸಿಕ್ಕಿದ್ದು ಗಣಿತದ ಪುಸ್ತಕದಲ್ಲಲ್ಲ, ಧರ್ಮಗ್ರಂಥದಲ್ಲಿ. ಜೈನರ ತತ್ತ್ವಾರ್ಥಸೂತ್ರದ ಹೆಸರನ್ನು ನಮ್ಮ ಕಡೆಯ ಬಹಳ ಜನ ಕೇಳಿದ್ದೀರಿ. ಉಮಾಸ್ವಾತಿಯ ಕೃತಿ ಅದು. ವಿದ್ವಾಂಸರು ಅವನ ಕಾಲವನ್ನು ಎರಡರಿಂದ ಐದನೆಯ ಶತಮಾನದ ನಡುವೆ ಇಡುತ್ತಾರೆ. ಅದರ ಎರಡನೆಯ ಅಧ್ಯಾಯದ ಕೊನೆಯಲ್ಲಿ ಆಯುಷ್ಯದ ಮಾತು ಬರುತ್ತದೆ. ಕೆಲವು ಜೀವಗಳ ಆಯುಷ್ಯ 'ಅನಪವರ್ತ್ಯ', ಎಂದರೆ ಮೊಟಕಾಗದ್ದು. ಉಳಿದವರದು ಮೊಟಕಾಗಬಹುದು. ಆಗ ಒಂದು ಆಕ್ಷೇಪ ಏಳುತ್ತದೆ: ಆಯುಷ್ಯ ಮೊಟಕಾದರೆ ಅನುಭವಿಸಬೇಕಾದ ಕರ್ಮ ಅನುಭವಿಸದೆಯೇ ನಾಶವಾದಂತೆ ಆಗಲಿಲ್ಲವೆ?

ಇಲ್ಲ ಎನ್ನುತ್ತದೆ ಆ ಸೂತ್ರಗ್ರಂಥಕ್ಕೆ ಇರುವ ಭಾಷ್ಯ. ಒಣ ಹುಲ್ಲಿನ ರಾಶಿಯನ್ನು ಒಂದೊಂದೇ ಎಳೆಯಾಗಿ ಸುಟ್ಟರೆ ಬಹಳ ಹೊತ್ತು ಬೇಕು, ಒಟ್ಟಿಗೆ ಬೆಂಕಿ ಹಚ್ಚಿದರೆ ಬೇಗ ಉರಿಯುತ್ತದೆ, ಉರಿದ ಹುಲ್ಲು ಅಷ್ಟೇ. ಒದ್ದೆ ಬಟ್ಟೆ ಮುದ್ದೆಯಾಗಿದ್ದರೆ ತಡವಾಗಿ, ಹರವಿದರೆ ಬೇಗ ಒಣಗುತ್ತದೆ, ನೀರು ಅಷ್ಟೇ. ಈ ಸಾಲಿನಲ್ಲೇ ಒಂದು ಹೋಲಿಕೆಯಾಗಿ ಗಣಿತದ ಆಚಾರ್ಯನೂ ಬರುತ್ತಾನೆ. ಅವನು ಲೆಕ್ಕ ಹಗುರಾಗಲಿ ಎಂದು ಛೇದದ ಮೂಲಕ ರಾಶಿಯನ್ನು ಅಪವರ್ತಿಸುತ್ತಾನೆ. ಹಾಗೆಂದು ಎಣಿಸಬೇಕಾದ ವಸ್ತುವೇನೂ ಇಲ್ಲವಾಗುವುದಿಲ್ಲ.

ಇದನ್ನು ಓದಿದಾಗ ನಮಗೆ ನಮ್ಮ ತರಗತಿಯ ಪ್ರಶ್ನೆಯೇ ನೆನಪಾಯಿತು. ಉಪಮೆ ಕೊಡುವವನು ಕೇಳುಗರಿಗೆ ಗೊತ್ತಿರುವುದನ್ನೇ ಕೊಡುತ್ತಾನೆ. ಹುಲ್ಲು ಸುಡುವುದು, ಬಟ್ಟೆ ಒಣಹಾಕುವುದು ಎಲ್ಲರಿಗೂ ಗೊತ್ತು. ಅವುಗಳ ಸಾಲಿನಲ್ಲಿ ಭಿನ್ನರಾಶಿಯ ಸಂಕ್ಷೇಪವೂ ಬಂದಿದೆ ಎಂದರೆ, ಅಂದಿನ ಓದುಬರಹದ ಜನರಲ್ಲಿ ಈ ಲೆಕ್ಕ ಎಷ್ಟು ಸಾಮಾನ್ಯವಾಗಿತ್ತು ನೋಡಿ. ಚೀನಾದ ಲಿಯು ಹುಯ್ ಹೊಲದ ಅಳತೆಯಿಂದ ಹೇಳಿದ ಮಾತನ್ನೇ ಇಲ್ಲಿ ಜೀವ–ಕರ್ಮದ ಚರ್ಚೆಯಲ್ಲಿ ಹೇಳಿದ್ದಾರೆ. ರೂಪ ಚಿಕ್ಕದಾಗುತ್ತದೆ, ಬೆಲೆ ಚಿಕ್ಕದಾಗುವುದಿಲ್ಲ.

ಈಗ ನಮ್ಮ ಊರಿನ ಹತ್ತಿರ ಬಂದೆವು. ಸೊಲ್ಲಾಪುರದಲ್ಲಿ ರೈಲು ಹತ್ತಿದರೆ ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್ ದಾಟಿ ಕಲಬುರಗಿ. ಅಲ್ಲಿಂದ ಸೇಡಂ ಕಡೆಗೆ ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿ ಇದೆ. ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿಗಳ ನಡುವೆ ಗುರುತಿಸಿದ ಕವಿರಾಜಮಾರ್ಗವೂ ಇದೇ ಆಸ್ಥಾನದ್ದು. ಕಾವ್ಯದ ಪಾಠ ಹೇಳುವವರು ಕವಿರಾಜಮಾರ್ಗವನ್ನು ನೆನೆಯುತ್ತಾರೆ. ಗಣಿತದ ಪಾಠ ಹೇಳುವ ನಾವು ಮಹಾವೀರಾಚಾರ್ಯನನ್ನು ಅಷ್ಟಾಗಿ ನೆನೆಯುವುದಿಲ್ಲ. ತಪ್ಪು ನಮ್ಮದೇ.

ಭಿನ್ನರಾಶಿಯ ಅಧ್ಯಾಯಕ್ಕೆ ಅವನು ಕೊಟ್ಟ ಹೆಸರು 'ಕಲಾಸವರ್ಣ'. ಕಲಾ ಎಂದರೆ ಭಾಗ. ಸವರ್ಣ ಎಂದರೆ ಒಂದೇ ಬಣ್ಣದ್ದು. ಬೇರೆ ಬೇರೆ ಛೇದದ ತುಂಡುಗಳನ್ನು ಒಂದೇ ಬಣ್ಣಕ್ಕೆ ತಂದ ಮೇಲೆಯೇ ಕೂಡಿಸಬೇಕು ಎಂಬ ಇಡೀ ಪಾಠ ಆ ಒಂದು ಶಬ್ದದಲ್ಲಿದೆ. ಈ ಅಧ್ಯಾಯದಲ್ಲಿ ಅವನು 'ನಿರುದ್ಧ' ಎಂಬುದನ್ನು ಹೇಳುತ್ತಾನೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ, ಅವುಗಳಿಂದ ಭಾಗಿಸಿ ಬಂದ ಲಬ್ಧಗಳನ್ನೂ ಗುಣಿಸಿದರೆ ನಿರುದ್ಧ ಸಿಗುತ್ತದೆ. ಇಂದು ನಾವು ಲ.ಸಾ.ಅ. ಎನ್ನುವುದು ಅದನ್ನೇ. ಭಾರತದ ಗಣಿತಜ್ಞರಲ್ಲಿ ಭಿನ್ನರಾಶಿಯ ಲೆಕ್ಕಕ್ಕೆ ಇದನ್ನು ಮೊದಲು ಹೇಳಿದವನು ಮಹಾವೀರಾಚಾರ್ಯನೇ ಎಂದು ದತ್ತ ಮತ್ತು ಸಿಂಗ್ ಬರೆದಿದ್ದಾರೆ.

ಇದರ ಲಾಭ ಏನೆಂದು ನಮ್ಮದೇ ಒಂದು ಲೆಕ್ಕದಿಂದ ನೋಡೋಣ. 5/12 ಮತ್ತು 7/18 ಕೂಡಿಸಬೇಕು. ಛೇದಕ್ಕೆ ಛೇದ ಗುಣಿಸಿದರೆ 216. ಅಂಶದಲ್ಲಿ 90 ಮತ್ತು 84, ಒಟ್ಟು 174. ಬಂದದ್ದು 174/216. ಈಗ ಇದನ್ನು 6ರಿಂದ ಅಪವರ್ತಿಸಿದರೆ 29/36. ನಿರುದ್ಧದ ರೀತಿಯಲ್ಲಿ 12 ಮತ್ತು 18ಕ್ಕೆ ಸಾಮಾನ್ಯವಾದದ್ದು 6, ಲಬ್ಧಗಳು 2 ಮತ್ತು 3. ಆರು ಎರಡಲೆ ಹನ್ನೆರಡು, ಹನ್ನೆರಡು ಮೂರಲೆ ಮೂವತ್ತಾರು. 15ಕ್ಕೆ 14 ಕೂಡಿಸಿದರೆ 29. ನೇರವಾಗಿ 29/36. ಮೊದಲು ಬೆಳೆಸಿ ಆಮೇಲೆ ಇಳಿಸುವ ಬದಲು, ಬೆಳೆಯುವ ಮೊದಲೇ ಕಡಿವಾಣ ಹಾಕುವ ಉಪಾಯ ಇದು. (ಎಲ್ಲ ಲೆಕ್ಕದಲ್ಲೂ ಉತ್ತರ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಕೆಲವು ಸಲ ಕೊನೆಗೆ ಮತ್ತೊಮ್ಮೆ ಅಪವರ್ತಿಸಬೇಕಾಗುತ್ತದೆ.)

ಮಹಾವೀರಾಚಾರ್ಯನಾದ ಮೇಲೆ ಗಣಿತ ಸಂಸ್ಕೃತದಲ್ಲೇ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅವನ ಗ್ರಂಥವನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರ ಗಣಿತ', 'ಕ್ಷೇತ್ರ ಗಣಿತ' ಮೊದಲಾದವನ್ನು ಬರೆದ. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನ ಲೀಲಾವತಿ ಬಂತು. ಅವನು ನಮ್ಮ ವಿಜಯಪುರದವನು ಎಂದು ಕೆಲವರು, ಅಲ್ಲ, ಮಹಾರಾಷ್ಟ್ರದ ಚಾಳಿಸಗಾಂವ ಕಡೆಯವನು ಎಂದು ಕೆಲವರು. ಗಡಿಯ ಈ ಕಡೆ ಆ ಕಡೆ ಎರಡನ್ನೂ ಬಲ್ಲ ನಮಗೆ ಈ ಜಗಳದಲ್ಲಿ ಯಾರ ಪರವೂ ವಹಿಸಬೇಕೆನಿಸುವುದಿಲ್ಲ.

ಭಾಸ್ಕರ ಲೀಲಾವತಿಯ ಕುಟ್ಟಕ ಪ್ರಕರಣದಲ್ಲಿ, ಬಾಯಿಂದ ಬಾಯಿಗೆ ಬಂದಿದ್ದ ಈ ರೀತಿಯನ್ನು ಬರೆದೇ ಬಿಟ್ಟ. ಎರಡು ಸಂಖ್ಯೆಗಳನ್ನು ಒಂದರಿಂದ ಒಂದನ್ನು ಪರಸ್ಪರ ಭಾಗಿಸುತ್ತ ಹೋದಾಗ ಕೊನೆಗೆ ಉಳಿಯುವ ಶೇಷವೇ ಅವುಗಳ ಅಪವರ್ತನ ಎನ್ನುತ್ತಾನೆ. ಚೀನಾದವರ, ಯೂಕ್ಲಿಡನ ಕಳೆಯುವ ರೀತಿಯೇ ಇಲ್ಲಿ ಭಾಗಾಕಾರವಾಗಿ ಬಂದಿದೆ. ಆ ಅಪವರ್ತನದಿಂದ ಭಾಗಿಸಿ, ಮುಂದೆ ಇನ್ನೇನೂ ಹೊರಡದಂತೆ ಉಳಿದ ಜೋಡಿ ಸಂಖ್ಯೆಗಳಿಗೆ ಅವನು ಇಟ್ಟ ಹೆಸರು 'ದೃಢ'. ಗಟ್ಟಿಯಾದವು! 12/18ರಲ್ಲಿ ಜಳ್ಳು ಇದೆ, 2/3 ದೃಢ. ಸಣ್ಣದು ಎನ್ನುವ ಬದಲು ಗಟ್ಟಿ ಎಂದರೆ ಮಕ್ಕಳ ತಲೆಯಲ್ಲಿ ಎಷ್ಟು ಗೊಂದಲ ತಪ್ಪುತ್ತದೆ, ಯೋಚಿಸಿ.

ಇಲ್ಲಿ ಶಬ್ದದ ಕಥೆಯೂ ತಿರುವು ಪಡೆಯಿತು ನೋಡಿ. ಮೊದಲು ಅಪವರ್ತನ ಎಂದರೆ ಚಿಕ್ಕದು ಮಾಡುವ ಕ್ರಿಯೆ. ಭಾಸ್ಕರನಲ್ಲಿ ಅದು ಚಿಕ್ಕದು ಮಾಡಲು ಬಳಸುವ ಸಂಖ್ಯೆಯೂ ಆಯಿತು. ಇಂದಿನ ಕನ್ನಡ ಗಣಿತದಲ್ಲಿ ಅಪವರ್ತನ ಎಂದರೆ ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ. ಮ.ಸಾ.ಅ. ಎಂಬುದರ ಕೊನೆಯ 'ಅ' ಇದೇ ಶಬ್ದ. ಪಕ್ಕದ ಮರಾಠಿ ಶಾಲೆಯ ಮಕ್ಕಳು ಮಸಾವಿ, ಲಸಾವಿ ಎನ್ನುತ್ತಾರೆ, ಅಲ್ಲಿ 'ವಿ' ವಿಭಾಜಕ, ವಿಭಾಜ್ಯ. ಅದೂ ಒಳ್ಳೆಯ ಶಬ್ದವೇ. ಆದರೆ ತತ್ತ್ವಾರ್ಥಸೂತ್ರದ ಭಾಷ್ಯದಿಂದ ಇಂದಿನ ಪಾಟಿಯವರೆಗೆ ನಡೆದು ಬಂದ ಶಬ್ದ ದಿನಾ ಬಾಯಲ್ಲಿರುವುದು ಕನ್ನಡದಲ್ಲಿ ಗಣಿತ ಕಲಿಯುವ ಮಗುವಿಗೆ. ಅದು ಆ ಮಗುವಿಗೇ ಗೊತ್ತಿಲ್ಲ.

ಪುಸ್ತಕದ ಕಥೆಯೂ ಹೀಗೆಯೇ. ಗಣಿತಸಾರಸಂಗ್ರಹ ಬಹುಕಾಲ ಓಲೆಗರಿಗಳಲ್ಲೇ ಇತ್ತು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. ಅವರಿಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. 1963ರಲ್ಲಿ ಅದರ ಹಿಂದಿ ಅನುವಾದ ಬಂದದ್ದು ಎಲ್ಲಿಂದ? ನಮ್ಮ ಸೊಲ್ಲಾಪುರದಿಂದಲೇ! ಇಲ್ಲಿನ ಜೈನ ಸಂಸ್ಕೃತಿ ಸಂರಕ್ಷಕ ಸಂಘ ತನ್ನ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಲಕ್ಷ್ಮೀಚಂದ್ರ ಜೈನರ ಅನುವಾದವನ್ನು ಪ್ರಕಟಿಸಿತು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಮಾನ್ಯಖೇಟದ ಗಣಿತ ಅಚ್ಚಾದ ಕನ್ನಡ ಪುಸ್ತಕವಾಗಿ ನಮ್ಮ ಕೈಗೆ ಬರಲು ಸಾವಿರದ ನೂರೈವತ್ತು ವರ್ಷ ಹಿಡಿಯಿತು.

ಕನ್ನಡದಲ್ಲಿ ಗಣಿತ ಕಲಿತರೆ ಮುಂದೇನು ಎಂದು ಪಾಲಕರು ಕೇಳುತ್ತಾರೆ. ಅವರ ಚಿಂತೆ ಸುಳ್ಳಲ್ಲ, ಮಕ್ಕಳು ಮುಂದೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಬೇಕು. ಈ ಕಥೆ ಅದಕ್ಕೆ ಪೂರ್ತಿ ಉತ್ತರ ಎಂದು ನಾವು ಹೇಳುವುದಿಲ್ಲ. ಆದರೆ ಕನ್ನಡಕ್ಕೂ ಗಣಿತಕ್ಕೂ ಸಂಬಂಧವಿಲ್ಲ ಎಂಬ ಮಾತು ಮಾತ್ರ ನಿಜವಲ್ಲ. ಮಗು ಒಂದು ವಿಷಯವನ್ನು ಯಾವ ಭಾಷೆಯಲ್ಲಿ ಗಟ್ಟಿಯಾಗಿ ತಿಳಿಯಿತೋ, ಆ ತಿಳಿವಳಿಕೆ ಮುಂದೆ ಬೇರೆ ಭಾಷೆಗೆ ಹೋದರೂ ಬೆಲೆ ಕಳೆದುಕೊಳ್ಳುವುದಿಲ್ಲ. 12/18 ಹೋಗಿ 2/3 ಆದಂತೆ.

ಬೆಲೆಯ ಮಾತಿಗೆ ಸಂತೆಯೇ ಸಾಕ್ಷಿ. ರೂಪಾಯಿಗೆ 16 ಆಣೆ ಇದ್ದಾಗ 12 ಆಣೆ ಎಂದರೆ 12/16, ಮುಕ್ಕಾಲು ರೂಪಾಯಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು, ಮುಕ್ಕಾಲು ಎಂದರೆ 75/100 ಆಯಿತು. ಆದರೂ ಜನ ಬಾರಾಣೆ, ಚಾರಾಣೆ ಎನ್ನುವುದನ್ನು ಬಿಡಲಿಲ್ಲ. 2011ರ ಜೂನ್ ಕೊನೆಗೆ ಚಾರಾಣೆಯ ನಾಣ್ಯವೇ ಚಲಾವಣೆಯಿಂದ ಹೋಯಿತು, ಮಾತು ಮಾತ್ರ ಹಿರಿಯರ ಬಾಯಲ್ಲಿ ಇನ್ನೂ ಇದೆ. 12/16, 75/100, 3/4 ಮೂರೂ ಒಂದೇ ಎಂದು ಶಾಲೆ ಕಲಿಯದ ಅಜ್ಜಿಗೂ ಗೊತ್ತಿತ್ತು.

ಕೊನೆಗೆ ನಮ್ಮ ಹುಡುಗನ ಮೊದಲ ಪ್ರಶ್ನೆ. ಹೊಡೆಯುವುದು ಎಂದರೇನು? 16/64ರಲ್ಲಿ ಅವನು ಹೊಡೆದದ್ದು ಅಂಕಿಗಳನ್ನು. 16ರಲ್ಲಿರುವ 6 ಬರೀ ಆರು, 64ರಲ್ಲಿರುವ 6 ಅರವತ್ತು. ಅವೆರಡೂ ಒಂದೇ ಅಲ್ಲ. ಉತ್ತರ ಸರಿ ಬಂದದ್ದು ಅದೃಷ್ಟ. ಎರಡಂಕಿಯ ಸಂಖ್ಯೆಗಳಲ್ಲಿ 19/95, 26/65, 49/98 ಹೀಗೆ ಇನ್ನು ಮೂರು ಕಡೆ ಮಾತ್ರ ಇಂಥ ಅದೃಷ್ಟ ಸಿಗುತ್ತದೆ. ಎರಡೂ ಕೊನೆಯಲ್ಲಿ ಸೊನ್ನೆ ಇದ್ದು ಅದನ್ನು ಹೊಡೆಯುವುದು ಬೇರೆ ಮಾತು, ಅದು ಹತ್ತರಿಂದ ಭಾಗಿಸಿದಂತೆ. ಮರುದಿನ ಅವನ ಕೈಯಲ್ಲಿ 12 ಮತ್ತು 18 ಹುಣಸೆಬೀಜ ಕೊಟ್ಟು, ಚೀನಾದವರ ರೀತಿಯಲ್ಲಿ ಕಳೆಯಲು ಹೇಳಿದೆವು. 18ರಲ್ಲಿ 12 ಹೋಗಿ 6, 12ರಲ್ಲಿ 6 ಹೋಗಿ 6. ಆರಾರರ ಗಂಟು ಮಾಡಿ ಮೇಲೆ ಎರಡು, ಕೆಳಗೆ ಮೂರು ಇಟ್ಟ. ಬೀಜ ಒಂದೂ ಕಳೆದಿರಲಿಲ್ಲ. "ಇದು ಹೊಡಿಯೋದಲ್ರಿ ಸರ್, ಗಂಟು ಕಟ್ಟೋದು" ಎಂದ.

ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ 221/299 ಕೊಟ್ಟು ನೋಡಿ. ಮಗ್ಗಿ ಕೇಳಬೇಡಿ, ಬರೀ ಕಳೆಯಲು ಹೇಳಿ. ಎರಡೂ ಕಡೆ 13 ಬಂದು ನಿಂತರೆ ಉಳಿದದ್ದು ಅವರೇ ಮಾಡುತ್ತಾರೆ. 17/23 ಬಂದಾಗ, ಅದು ಸಣ್ಣದಾಯಿತು ಎನ್ನಬೇಡಿ, ದೃಢವಾಯಿತು ಎನ್ನಿ.